ಉಯಿಲು ಬರೆಸಲು ವಕೀಲರ ಬಳಿ ಹೋಗುವ ಮುನ್ನ

ಹೋದ ವರ್ಷ ಒಂದು ಶನಿವಾರ ಎಪ್ಪತ್ತು ದಾಟಿದ ತಾಯಿಯೊಬ್ಬರು ಹಿರಿಯ ಮಗನ ಜೊತೆ ನಮ್ಮ ಕಚೇರಿಗೆ ಬಂದರು. ಉಯಿಲು ಬರೆಸಬೇಕಿತ್ತು. ಅವರನ್ನು ಏನೇ ಕೇಳಿದರೂ ಉತ್ತರ ಮಗನಿಂದ ಬರುತ್ತಿತ್ತು. ‘ಮನೆ ಯಾರಿಗೆ ಬರೆಯಲಿ ಅಮ್ಮ?’ ಎಂದರೆ, ‘ನನ್ನ ಹೆಸರಿಗೇ ಎಂದು ಮೊದಲೇ ಹೇಳಿದ್ದಾರೆ’ ಎಂದರು ಮಗ. ಮಗನನ್ನು ಕೆಳಗಿನ ಹೋಟೆಲಿಗೆ ಕಾಫಿ ಕುಡಿಯಲು ಕಳಿಸಿ ಬಾಗಿಲು ಹಾಕಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನ ಗಂಟು ಬಿಚ್ಚಿ, ಸಣ್ಣಗೆ ಮಡಿಸಿದ ಚೀಟಿಯೊಂದನ್ನು ಮೇಜಿನ ಮೇಲಿಟ್ಟರು. ಕ್ಯಾಲೆಂಡರಿನ ಹಾಳೆಯ ಹಿಂಬದಿ. ಪೆನ್ಸಿಲಿನಲ್ಲಿ ಮೂರೇ ಸಾಲು: ಮನೆ ಇಬ್ಬರು ಗಂಡುಮಕ್ಕಳಿಗೂ ಸಮ. ಬ್ಯಾಂಕಿನ ಹಣ ಮಗಳಿಗೆ. ಎರಡೆಳೆ ಸರ ಕಿರಿಯ ಸೊಸೆಗೆ. ‘ಸೊಂಟ ಮುರಿದು ಬಿದ್ದಾಗ ನನ್ನನ್ನು ಎತ್ತಿ ಕೂರಿಸಿದವಳು ಅವಳು, ವಕೀಲರೇ’ ಎಂದರು.

ಉಯಿಲಿನ ಕೆಲಸ ಶುರುವಾಗುವುದು ಆ ಚೀಟಿಯಿಂದ. ಬರೆಸುವವರ ಮನಸ್ಸಿನಲ್ಲಿ ಏನಿದೆಯೋ ಅದು ಬೇರೆ ಯಾರ ಬಾಯಿಂದಲೂ ಅಲ್ಲದೆ ಅವರಿಂದಲೇ ಹೊರಬರಬೇಕು, ಅವರು ಇಲ್ಲದ ದಿನ ನ್ಯಾಯಾಲಯದಲ್ಲಿ ನಿಲ್ಲುವಂತೆ ಕಾಗದಕ್ಕೆ ಇಳಿಯಬೇಕು. ಒಳ್ಳೆಯ ವಕೀಲರಿಂದ ನೀವು ಪಡೆಯಬೇಕಾದ್ದು ಇವೆರಡನ್ನೇ.

ಹಿಂದೆ ಊರಿನ ಹಿರಿಯರೊಬ್ಬರು ಕೂತು ಹೇಳುತ್ತಿದ್ದರು, ಪತ್ರ ಬರಹಗಾರರು ಬರೆದು ಕೊನೆಯಲ್ಲಿ ಬಿಕ್ಕಲಂ (ಪತ್ರ ಬರೆದವರು) ಎಂದು ಸಹಿ ಹಾಕುತ್ತಿದ್ದರು, ಅಷ್ಟಕ್ಕೆ ನಡೆಯುತ್ತಿತ್ತು. ಈಗ ಉಯಿಲು ಮತ್ತು ಆಸ್ತಿ ಯೋಜನೆಯನ್ನೇ ಮುಖ್ಯ ಕೆಲಸವಾಗಿ ಮಾಡುವ ವಕೀಲರನ್ನು ಜನ ಹುಡುಕಿಕೊಂಡು ಹೋಗುತ್ತಿದ್ದಾರೆ. ಕಾರಣ ನಮ್ಮ ಮನೆಗಳಲ್ಲೇ ಇದೆ. ಒಬ್ಬ ಮಗಳು ಡಲ್ಲಾಸ್‌ನಲ್ಲಿ, ಮಗ ಮೆಲ್ಬರ್ನ್‌ನಲ್ಲಿ, ಹೆತ್ತವರು ಮೈಸೂರಿನಲ್ಲಿ. ಊರಿನ ಜಮೀನಿನ ಜೊತೆ ಬೆಂಗಳೂರಿನಲ್ಲಿ ಫ್ಲ್ಯಾಟು, ಡಿಮ್ಯಾಟ್ ಖಾತೆಯಲ್ಲಿ ಷೇರು. ಎರಡನೆಯ ಮದುವೆ, ಮದುವೆಯೇ ಆಗದವರು, ತಾವು ಹೋದ ಮೇಲೆ ನೋಡಿಕೊಳ್ಳುವವರು ಯಾರು ಎಂದು ಚಿಂತಿಸುವ ವಿಶೇಷಚೇತನ ಮಗುವಿನ ಹೆತ್ತವರು. ಇಂಥ ಮನೆಗಳಿಗೆ ಹಳೆಯ ನಮೂನೆಯ ಉಯಿಲು ಸಾಲದು.

ಉಯಿಲು ಇಲ್ಲದಿದ್ದರೆ ಯಾರಿಗೆ ಹೋಗುತ್ತದೆ?

ಮೊದಲು ಇದನ್ನು ತಿಳಿದುಕೊಳ್ಳಿ. ಅನೇಕರಿಗೆ ಉಯಿಲು ಬೇಕೋ ಬೇಡವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಗಂಡಸೊಬ್ಬರು ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲು. ತಾಯಿಯನ್ನು ಎಲ್ಲರೂ ಮರೆಯುತ್ತಾರೆ. ಹೆಂಡತಿಗೇ ಎಲ್ಲ ಸೇರುತ್ತದೆ ಎಂದು ನಂಬಿದವರೂ ಬಹಳ.

ಹೆಂಗಸರ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ಮಕ್ಕಳೂ ಗಂಡನೂ ಇಲ್ಲದ ಹಿಂದೂ ಮಹಿಳೆ ಉಯಿಲು ಬರೆಯದೆ ಹೋದರೆ, ಸ್ವಂತ ಸಂಪಾದನೆಯೂ ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಂದೆತಾಯಿಯ ಸರದಿ ಆಮೇಲೆ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣ ಒಂದಿದೆ. ಮದುವೆಯಾದ ಮೂರೇ ತಿಂಗಳಿಗೆ ಗಂಡನನ್ನು ಕಳೆದುಕೊಂಡು, ಗಂಡನ ಮನೆಯಿಂದ ಹೊರಬಿದ್ದು, ತವರಿನಲ್ಲಿ ಓದಿ, ನೌಕರಿ ಮಾಡಿ ಹಣ ಕೂಡಿಟ್ಟ ಹೆಣ್ಣುಮಗಳು ಉಯಿಲು ಬರೆಯದೆ ತೀರಿಕೊಂಡರು. ಅವರ ದುಡಿಮೆಯ ಹಣ ಹೋದದ್ದು ಗಂಡನ ಅಕ್ಕತಂಗಿಯ ಮಕ್ಕಳಿಗೆ, ಓದಿಸಿದ ತಾಯಿಯ ಕಡೆಗಲ್ಲ. ನ್ಯಾಯಾಲಯಕ್ಕೂ ಕಾಯಿದೆಯ ಮಾತು ಮೀರಲಾಗಲಿಲ್ಲ. ಒಂದೇ ಒಂದು ಹಾಳೆ ಕಾಗದ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಮಹಿಳೆಯರು, ಅದರಲ್ಲೂ ಹಿಂದೂ ಮಹಿಳೆಯರು, ಉಯಿಲು ಬರೆದಿಡಬೇಕು ಎಂದು ಮನವಿ ಮಾಡಿತು. ದುಡಿಯುವ ಹೆಣ್ಣುಮಕ್ಕಳಿಗೆ ನಾನು ಕೈಮುಗಿದು ಹೇಳುವುದೂ ಇದನ್ನೇ: ವಯಸ್ಸಾಗಲಿ ಎಂದು ಕಾಯಬೇಡಿ. ಹದಿನೆಂಟು ತುಂಬಿದ, ಸ್ವಸ್ಥ ಬುದ್ಧಿಯ ಯಾರು ಬೇಕಾದರೂ ಉಯಿಲು ಬರೆಯಬಹುದು.

ಮುಸ್ಲಿಮರಿಗೆ ನಿಯಮ ಬೇರೆ. ಅಂತ್ಯಕ್ರಿಯೆಯ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಉಯಿಲಿನಿಂದ ಕೊಡಬಹುದು. ಹೆಚ್ಚು ಕೊಡಲು ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರು ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯಾದ ಕೂಡಲೇ ರದ್ದಾಗುತ್ತದೆ, ಹೊಸದಾಗಿ ಬರೆಸಬೇಕು.

ನಿಮ್ಮದು ಯಾವುದು ಎಂದು ಗೆರೆ ಎಳೆಯಿರಿ

ವಕೀಲರ ಬಳಿ ಹೋಗುವ ಮುನ್ನ ಒಂದು ಭಾನುವಾರ ಬಿಡುವು ಮಾಡಿಕೊಂಡು ಬೀರು ತೆಗೆಯಿರಿ. ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ಜಮೀನಾದರೆ ಪಹಣಿ, ಋಣಭಾರ ಪತ್ರ (ಇ.ಸಿ.), ಬ್ಯಾಂಕ್ ಪಾಸ್‌ಬುಕ್ಕು, ವಿಮೆಯ ಪಾಲಿಸಿ, ಡಿಮ್ಯಾಟ್ ವಿವರ, ಲಾಕರಿನ ಸಂಖ್ಯೆ, ಕೊಟ್ಟ ಸಾಲ, ತಂದ ಸಾಲ ಎಲ್ಲವನ್ನೂ ಒಂದು ನೋಟುಬುಕ್ಕಿಗೆ ಇಳಿಸಿ. ಪ್ರತಿಯೊಂದರ ಮುಂದೆ ‘ನನಗೆ ಹೇಗೆ ಬಂತು’ ಎಂದು ಬರೆಯಿರಿ. ಕೊಂಡದ್ದೋ, ವಿಭಾಗದಲ್ಲಿ ಬಂದದ್ದೋ, ಅಪ್ಪನ ಉಯಿಲಿನಿಂದಲೋ, ಸರಕಾರದ ಮಂಜೂರಾತಿಯಿಂದಲೋ. ವಕೀಲರಿಗೆ ಈ ಒಂದು ಕಲಮು ಉಳಿದೆಲ್ಲಕ್ಕಿಂತ ಮುಖ್ಯ.

ಏಕೆಂದರೆ ನಿಮ್ಮದಲ್ಲದ್ದನ್ನು ನೀವು ಉಯಿಲಿನಲ್ಲಿ ಕೊಡಲಾರಿರಿ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. ಹೆಣ್ಣುಮಕ್ಕಳಿಗೆ ಅಲ್ಲಿ ಹುಟ್ಟಿನಿಂದಲೇ ಹಕ್ಕಿದೆ. 2005ರ ತಿದ್ದುಪಡಿ ಅದನ್ನು ಕೊಟ್ಟಿತು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ‘ಮಗಳಿಗೆ ಮದುವೆಯಲ್ಲಿ ಕೊಟ್ಟಾಗಿದೆ’ ಎಂದು ಉಯಿಲಿನಲ್ಲಿ ಬರೆದ ಮಾತ್ರಕ್ಕೆ ಅವಳ ಪಾಲು ಅಳಿಯುವುದಿಲ್ಲ. ಹಾಗೆ ಬರೆದು ಹೋದವರ ಮಕ್ಕಳು ಒಬ್ಬರ ಮುಖ ಒಬ್ಬರು ನೋಡದೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುವುದನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ.

ಗೇಣಿ ಹಕ್ಕು, ಮಂಜೂರಾದ ಜಮೀನು ಇದ್ದರೆ ಇನ್ನಷ್ಟು ಎಚ್ಚರ ಬೇಕು. ಗೇಣಿದಾರರು ತಮ್ಮ ಹಕ್ಕನ್ನು ಕುಟುಂಬದ ಹೊರಗಿನವರಿಗೆ ಉಯಿಲಿನಿಂದ ಕೊಡುವಂತಿಲ್ಲ ಎಂದು ಜಮಖಂಡಿಯಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ 1998ರಲ್ಲೇ ತೀರ್ಮಾನವಾಗಿದೆ.

ನಾಮಿನಿಯ ವಿಷಯದಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಬ್ಯಾಂಕಿನಲ್ಲಿ ನಾಮಿನಿಯಾದವರು ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು, ಹಣ ಅವರದಾಗುವುದಿಲ್ಲ. ಷೇರುಗಳಿಗೂ ಇದೇ ಅನ್ವಯ ಎಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವವಿಮೆಯಲ್ಲಿ ಮಾತ್ರ, ಹೆತ್ತವರು, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ 2015ರ ತಿದ್ದುಪಡಿಯ ಪ್ರಕಾರ ಸ್ಥಿತಿ ಬೇರೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರನ್ನು ನಾಮಿನಿ ಮಾಡಲು ಅವಕಾಶವಿದೆ. ಎಲ್ಲ ಕಡೆ ನಾಮಿನಿಯ ಹೆಸರೂ ಉಯಿಲಿನ ಹೆಸರೂ ಒಂದೇ ಇರುವಂತೆ ನೋಡಿಕೊಳ್ಳಿ. ಎರಡು ಕಡೆ ಎರಡು ಹೆಸರಿದ್ದರೆ ಜಗಳ ಹುಟ್ಟುವುದು ಖಂಡಿತ.

ವಕೀಲರನ್ನು ಹೇಗೆ ಆರಿಸುವುದು

ಉಯಿಲು ಬರೆಯಲು ವಕೀಲರು ಬೇಕೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಬಿಳಿ ಹಾಳೆಯ ಮೇಲೆ ಸ್ವಂತ ಕೈಬರಹದಲ್ಲಿ ಬರೆದ ಉಯಿಲು ಪೂರ್ತಿ ಸಿಂಧು. ಛಾಪಾ ಕಾಗದ ಬೇಡ, ಮುದ್ರಾಂಕ ಶುಲ್ಕವೂ ಇಲ್ಲ. ಒಂದು ಮನೆ, ಎರಡು ಮಕ್ಕಳು, ಎಲ್ಲರೂ ಒಪ್ಪುವ ಹಂಚಿಕೆ ಇದ್ದರೆ ನೀವೇ ಬರೆದು ಒಮ್ಮೆ ತೋರಿಸಿದರೂ ಸಾಕು. ಒಬ್ಬ ವಾರಸುದಾರರನ್ನು ಬಿಡುತ್ತಿದ್ದರೆ, ಹೆಚ್ಚುಕಡಿಮೆ ಹಂಚುತ್ತಿದ್ದರೆ, ಎರಡು ಸಂಸಾರವಿದ್ದರೆ, ಮಗುವಿಗಾಗಿ ಟ್ರಸ್ಟ್ ಮಾಡಬೇಕಿದ್ದರೆ, ವಿದೇಶದಲ್ಲಿ ಆಸ್ತಿಯಿದ್ದರೆ ಮಾತ್ರ ಈ ಕೆಲಸದಲ್ಲಿ ಪಳಗಿದವರ ಬಳಿಯೇ ಹೋಗಿ.

ಯಾರು ಪಳಗಿದವರು? ನನ್ನ ಅನುಭವದಲ್ಲಿ, ಉಯಿಲಿನ ದಾವೆಗಳನ್ನು ನ್ಯಾಯಾಲಯದಲ್ಲಿ ನಡೆಸಿದವರು. ಉಯಿಲು ಎಲ್ಲಿ ಬಿರುಕು ಬಿಡುತ್ತದೆ ಎಂಬುದು ಪಾಟೀಸವಾಲಿನಲ್ಲಿ ನಿಂತವರಿಗೆ ಗೊತ್ತಿರುತ್ತದೆ. ಆದ್ದರಿಂದ ನೇರವಾಗಿ ಕೇಳಿ: ಉಯಿಲು ಸಾಬೀತುಪಡಿಸುವ ಪ್ರಕರಣ ನಡೆಸಿದ್ದೀರಾ? ಹೀಗೆ ಕೇಳಿದ್ದಕ್ಕೆ ಒಳ್ಳೆಯ ವಕೀಲರು ಬೇಸರಪಡುವುದಿಲ್ಲ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಇದೆಯೇ ಎಂದು ವಿಚಾರಿಸಿ. ಶುಲ್ಕ ಎಷ್ಟು, ಅದರಲ್ಲಿ ಏನೇನು ಸೇರಿದೆ, ನೋಂದಣಿಯ ದಿನ ಜೊತೆಗೆ ಬರುತ್ತಾರೆಯೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಆಸ್ತಿಯಲ್ಲಿ ಇಷ್ಟು ಭಾಗ ಎಂದು ಶುಲ್ಕ ಕೇಳಿದರೆ ಎದ್ದು ಬನ್ನಿ; ದಾವೆಯ ಫಲದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮಗಳೇ ನಿಷೇಧಿಸಿವೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು, ಅವರು ನಿಮ್ಮೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುತ್ತಾರೆಯೇ ಎಂಬುದನ್ನು. ಆಸ್ತಿ ಪಡೆಯುವ ಮಗನೇ ವಕೀಲರನ್ನು ಗೊತ್ತುಮಾಡಿ, ಅವನೇ ಫೀಸು ಕೊಟ್ಟು, ಅವನೇ ವಿವರ ಹೇಳಿ, ಅವನ ಕಾರಿನಲ್ಲೇ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬಂದರೆ, ಆ ಉಯಿಲು ಪ್ರಾಮಾಣಿಕವಾಗಿದ್ದರೂ ಅನುಮಾನದ ಮೋಡ ಹೊತ್ತೇ ಹುಟ್ಟುತ್ತದೆ. ಇದರ ಬಗ್ಗೆ ಇಡೀ ದೇಶ ಇವತ್ತಿಗೂ ಅನುಸರಿಸುವ ತೀರ್ಪು ಹುಟ್ಟಿದ್ದು ನಮ್ಮ ಮೈಸೂರಿನ ಒಂದು ಪ್ರಕರಣದಿಂದ: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, 1959. ಉಯಿಲು ಬರೆಸುವುದರಲ್ಲಿ ಮುಂದಾಗಿ ನಿಂತವರಿಗೇ ಅದರಿಂದ ಲಾಭವಿದ್ದರೆ, ಅನುಮಾನವನ್ನು ಪೂರ್ತಿ ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಮಕ್ಕಳು ಒಳ್ಳೆಯವರೇ ಇರಬಹುದು. ಅವರ ಒಳಿತಿಗಾಗಿಯೇ ಅವರನ್ನು ಈ ಕೆಲಸದಿಂದ ದೂರವಿಡಿ.

ಹಣವಿಲ್ಲ ಎಂದು ಹಿಂಜರಿಯಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರು.

ಬರಹ

ನಿಮಗೆ ಸಲೀಸಾಗಿ ಓದಲು ಬರುವ ಭಾಷೆಯಲ್ಲೇ ಬರೆಸಿ. ಕನ್ನಡ ಬಿಟ್ಟು ಬೇರೆ ಓದಲು ಬಾರದ ಹಿರಿಯರಿಗೆ ಇಂಗ್ಲಿಷಿನಲ್ಲಿ ಉಯಿಲು ಬರೆದು ಕೆಳಗೆ ಕನ್ನಡದ ಸಹಿ ಹಾಕಿಸಿದ್ದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ‘ಇದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತೇ?’ ಎಂಬ ಎದುರು ಪಕ್ಷದ ಒಂದೇ ಪ್ರಶ್ನೆ ಇಡೀ ಉಯಿಲನ್ನು ಅಲುಗಿಸುತ್ತದೆ. ಓದಲು ಬಾರದವರಾದರೆ, ಓದಿ ಹೇಳಲಾಯಿತು, ಕೇಳಿ ತಿಳಿದು ಒಪ್ಪಿದರು ಎಂದು ಓದಿದವರ ಹೆಸರಿನೊಂದಿಗೆ ನಮೂದಿಸಬೇಕು.

ಆಸ್ತಿಯ ವಿವರ ತೂಕ ತಪ್ಪಬಾರದು. ‘ನನ್ನ ಮನೆ’ ಎಂದರೆ ಸಾಲದು. ಖಾತೆ ಸಂಖ್ಯೆ, ಸರ್ವೆ ನಂಬರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಇರಲಿ. ಚಕ್ಕುಬಂದಿಯನ್ನು ಕ್ರಯಪತ್ರದಿಂದ ನಕಲು ಮಾಡಿ. ಪಕ್ಕದ ಸೈಟಿನ ಮಾಲೀಕರು ಬದಲಾಗಿದ್ದರೆ ಅದನ್ನೂ ಸೇರಿಸಿ.

ಯಾರನ್ನಾದರೂ ಬಿಡುತ್ತಿದ್ದರೆ ಕಾರಣವನ್ನು ಶಾಂತವಾದ ಒಂದು ವಾಕ್ಯದಲ್ಲಿ ಹೇಳಿ. ಬೈಗುಳ ಬೇಡ. ‘ದೊಡ್ಡ ಮಗನಿಗೆ ಮನೆ ಕಟ್ಟಲು ಮೊದಲೇ ಹಣ ಕೊಟ್ಟಿರುವುದರಿಂದ’ ಎಂದರೆ ನ್ಯಾಯಾಧೀಶರಿಗೂ ಅರ್ಥವಾಗುತ್ತದೆ, ಮಗನಿಗೂ ಅರ್ಥವಾಗುತ್ತದೆ. ಹೆಸರನ್ನೇ ಎತ್ತದಿದ್ದರೆ, ಮುಪ್ಪಿನಲ್ಲಿ ಮರೆವು ಬಂದು ಮಗನನ್ನೇ ಮರೆತಿದ್ದರು ಎಂಬ ವಾದ ಬರುತ್ತದೆ.

ಹೆಂಡತಿಯ ಬಗ್ಗೆ ಬರೆಯುವಾಗ ಎಡವುವವರು ತುಂಬ ಜನ. ‘ನನ್ನ ನಂತರ ಹೆಂಡತಿಗೆ, ಅವಳ ನಂತರ ಮಕ್ಕಳಿಗೆ’ ಎಂಬ ಸಾಲು ಸಾವಿರಾರು ಉಯಿಲುಗಳಲ್ಲಿದೆ. ಅವಳಿಗೆ ಮಾರುವ ಹಕ್ಕಿದೆಯೇ? ಸಾಲ ತೆಗೆಯಬಹುದೇ? ಅಥವಾ ಬದುಕಿರುವವರೆಗೆ ವಾಸ ಮಾಡಿ ಬಾಡಿಗೆ ಪಡೆಯುವ ಹಕ್ಕು ಮಾತ್ರವೇ? ಇದೊಂದನ್ನು ಬಿಡಿಸಿ ಬರೆಯದ ಕಾರಣಕ್ಕೆ ತಾಯಿಯ ವಿರುದ್ಧವೇ ಮಕ್ಕಳು ದಾವೆ ಹೂಡಿದ್ದಾರೆ. ನನ್ನ ಸಲಹೆ ಕೇಳಿದರೆ, ಹೆಂಡತಿಗೆ ಕೊಡುವುದಾದರೆ ಪೂರ್ಣ ಹಕ್ಕಿನಿಂದ ಕೊಡಿ. ನಿಮ್ಮ ಜೊತೆ ನಲವತ್ತು ವರ್ಷ ಮನೆ ನಡೆಸಿದವರಿಗೆ ಅದನ್ನು ನಿಭಾಯಿಸುವುದು ಗೊತ್ತಿರುತ್ತದೆ.

ಇನ್ನು ಮೂರು ಸಂಗತಿ ಇರಲೇಬೇಕು. ಪಡೆಯುವವರು ನಿಮಗಿಂತ ಮೊದಲೇ ತೀರಿಕೊಂಡರೆ ಅವರ ಪಾಲು ಯಾರಿಗೆ ಎಂಬುದು. ಪಟ್ಟಿಯಲ್ಲಿ ಬಿಟ್ಟುಹೋದ ಅಥವಾ ಮುಂದೆ ಸಂಪಾದಿಸುವ ಆಸ್ತಿ ಯಾರಿಗೆ ಎಂಬುದು. ಉಯಿಲನ್ನು ಜಾರಿಗೆ ತರುವ ಎಕ್ಸಿಕ್ಯೂಟರ್ ಯಾರು ಎಂಬುದು. ಎಕ್ಸಿಕ್ಯೂಟರ್ ನಿಮಗಿಂತ ಕಿರಿಯರಿರಲಿ, ಇಲ್ಲೇ ಇರುವವರಾಗಲಿ. ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯುವ ಕೆಲಸವನ್ನು ಮೆಲ್ಬರ್ನಿನಿಂದ ಮಾಡಲಾಗದು.

ವಿದೇಶದಲ್ಲಿರುವ ಮಕ್ಕಳು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲವಾದರೂ ನಿಮ್ಮಿಂದ ವಾರಸುದಾರರಾಗಿ ಪಡೆಯಬಹುದು. ಭಾರತದಲ್ಲಿ 1985ರಿಂದ ಎಸ್ಟೇಟ್ ಸುಂಕ, ಅಂದರೆ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ, ಇಲ್ಲ. ನಿಮಗೇ ವಿದೇಶದಲ್ಲಿ ಆಸ್ತಿಯಿದ್ದರೆ ಅಲ್ಲಿನ ಕಾನೂನಿನಂತೆ ಬೇರೆ ಉಯಿಲು ಬೇಕಾಗಬಹುದು. ಆ ಉಯಿಲಿನಲ್ಲಿ ‘ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ’ ಎಂಬ ಸಾಲು ನುಸುಳದಂತೆ ನೋಡಿಕೊಳ್ಳಿ. ಆ ಒಂದು ಸಾಲು ಇಲ್ಲಿನ ಉಯಿಲನ್ನೂ ಅಳಿಸಿಬಿಡಬಹುದು.

ಸಹಿ ಮತ್ತು ಸಾಕ್ಷಿ

1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಂ ಕೇಳುವುದು ಇಷ್ಟು. ನೀವು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ನಿಮ್ಮ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರು ನಿಮ್ಮ ಎದುರಿಗೇ ಸಹಿ ಹಾಕಬೇಕು. ಇಬ್ಬರೂ ಒಂದೇ ಹೊತ್ತಿನಲ್ಲಿ ಇರಬೇಕೆಂಬ ನಿಯಮವಿಲ್ಲ, ಆದರೆ ಇದ್ದರೆ ಒಳ್ಳೆಯದು. ಪ್ರತಿ ಹಾಳೆಗೂ ಸಹಿ ಹಾಕಿ. ಉಯಿಲಿನಿಂದ ಏನಾದರೂ ಪಡೆಯುವವರನ್ನಾಗಲಿ ಅವರ ಗಂಡ ಹೆಂಡತಿಯನ್ನಾಗಲಿ ಸಾಕ್ಷಿಯಾಗಿ ಕರೆಯಬೇಡಿ.

ಸಾಕ್ಷಿಯ ವಯಸ್ಸಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ತಂದೆಯ ಉಯಿಲನ್ನು ಟ್ರಂಕಿನಿಂದ ತಂದಿತು. ಅಚ್ಚುಕಟ್ಟಾದ ಬರಹ, ಇಬ್ಬರು ಸಾಕ್ಷಿಗಳ ಸಹಿ. ಇಬ್ಬರೂ ತಂದೆಯ ವಾಕಿಂಗ್ ಗೆಳೆಯರು, ಇಬ್ಬರೂ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಉಯಿಲನ್ನು ಸಾಬೀತುಪಡಿಸಲು ಬದುಕಿರುವ ಸಾಕ್ಷಿಯೊಬ್ಬರನ್ನಾದರೂ ಸಾಕ್ಷಿಕಟ್ಟೆಗೆ ಹತ್ತಿಸಬೇಕು. ನೋಂದಣಿಯಾಗಿದ್ದರೂ ಇದು ತಪ್ಪುವುದಿಲ್ಲ. ಇಬ್ಬರೂ ಇಲ್ಲದಾಗ ಸಾಕ್ಷಿಯ ಕೈಬರಹವನ್ನೂ ಬರೆದವರ ಸಹಿಯನ್ನೂ ಬೇರೆ ದಾರಿಯಿಂದ ರುಜುವಾತು ಮಾಡಬೇಕು. ಆ ಮನೆಯವರು ಗೆಳೆಯರೊಬ್ಬರ ಹಳೆಯ ಪಿಂಚಣಿ ಕಾಗದಕ್ಕಾಗಿ ಅವರ ಮಗಳ ಊರಿಗೆ ಹೋಗಿ ಬಂದರು. ನಿಮಗಿಂತ ಹದಿನೈದು ಇಪ್ಪತ್ತು ವರ್ಷ ಕಿರಿಯರನ್ನು, ವಿಳಾಸ ಸುಲಭಕ್ಕೆ ಬದಲಾಗದವರನ್ನು ಆರಿಸಿ. ಮನೆಯ ವೈದ್ಯರು ಒಪ್ಪಿದರೆ ಅವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ‘ಸಹಿ ಮಾಡಿದ ದಿನ ಅವರ ಬುದ್ಧಿ ಸ್ವಾಧೀನದಲ್ಲಿತ್ತೇ?’ ಎಂಬ ಪ್ರಶ್ನೆಗೆ ಅವರ ಉತ್ತರಕ್ಕೆ ತೂಕ ಹೆಚ್ಚು. ತೀರಾ ವಯಸ್ಸಾದವರು ಅದೇ ದಿನದ ವೈದ್ಯಕೀಯ ಪತ್ರವನ್ನೂ ಜೊತೆಗಿಡುವುದು ಒಳ್ಳೆಯದು.

ನೋಂದಣಿ ಮಾಡಿಸಬೇಕೇ?

ಕಡ್ಡಾಯವಲ್ಲ. ಆದರೂ ನಾನು ಮಾಡಿಸಿ ಎನ್ನುತ್ತೇನೆ. ಕಾಗದ ಕಳೆದರೂ ಪ್ರತಿ ಸಿಗುತ್ತದೆ, ತಿದ್ದಿದರು ಎಂಬ ಆರೋಪಕ್ಕೆ ಬಲವಿರುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಸಮಯ ಗೊತ್ತುಮಾಡಿಕೊಂಡು ಇಬ್ಬರು ಸಾಕ್ಷಿಗಳೊಂದಿಗೆ ಗುರುತಿನ ಚೀಟಿ ಹಿಡಿದು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ. ಹಾಸಿಗೆ ಹಿಡಿದವರಾದರೆ ಅರ್ಜಿ ಕೊಟ್ಟು ಅಧಿಕಾರಿಯನ್ನು ಮನೆಗೇ ಕರೆಸಿಕೊಳ್ಳಲು ಕಾಯಿದೆಯಲ್ಲಿ ಅವಕಾಶವಿದೆ.

‘ನೋಂದಾಯಿಸಿದರೆ ಮಕ್ಕಳಿಗೆ ಗೊತ್ತಾಗುತ್ತದೆ’ ಎಂದು ಹೆದರುವವರು ಬಹಳ. ಗೊತ್ತಾಗುವುದಿಲ್ಲ. ಉಯಿಲುಗಳಿಗೆ ಬೇರೆಯೇ ಪುಸ್ತಕವಿದೆ. ಋಣಭಾರ ಪತ್ರ ತೆಗೆದರೂ ಅದು ಕಾಣುವುದಿಲ್ಲ. ನೀವು ಬದುಕಿರುವವರೆಗೆ ನಿಮಗೆ ಅಥವಾ ನಿಮ್ಮ ಪ್ರತಿನಿಧಿಗೆ ಬಿಟ್ಟು ಇನ್ನಾರಿಗೂ ಅದರ ನಕಲು ಕೊಡುವುದಿಲ್ಲ. ಇನ್ನೂ ಗುಟ್ಟು ಬೇಕಿದ್ದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು.

ದಾನಪತ್ರವನ್ನೂ ಉಯಿಲನ್ನೂ ಒಂದೇ ಎಂದುಕೊಂಡು ಸಹಿ ಹಾಕಬೇಡಿ. ದಾನಪತ್ರಕ್ಕೆ ಸಹಿ ಬಿದ್ದು ನೋಂದಣಿಯಾದರೆ ಆಸ್ತಿ ಆ ದಿನವೇ ಹೋಯಿತು. ಉಯಿಲಾದರೆ ನಿಮ್ಮ ಕಣ್ಣು ಮುಚ್ಚುವವರೆಗೆ ಆಸ್ತಿ ನಿಮ್ಮದೇ. ದಾನವೇ ಮಾಡುವುದಾದರೆ ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆಗ 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಡಿ ಅದನ್ನು ರದ್ದುಪಡಿಸಲು ಕೇಳಬಹುದು.

ಆಮೇಲೆ

ಮೂಲ ಪ್ರತಿ ಎಲ್ಲಿದೆ ಎಂದು ಎಕ್ಸಿಕ್ಯೂಟರಿಗೆ ಹೇಳಿಡಿ. ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ಉಯಿಲು ತೆಗೆಯಲು ಲಾಕರು ತೆರೆಯಬೇಕು, ಲಾಕರು ತೆರೆಯಲು ಉಯಿಲು ಬೇಕು ಎಂಬ ಸ್ಥಿತಿಯಲ್ಲಿ ಮನೆಯವರು ಸಿಕ್ಕಿಬೀಳುತ್ತಾರೆ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್, ಅಂದರೆ ಉಯಿಲು ನಿಜವೆಂದು ನ್ಯಾಯಾಲಯ ಕೊಡುವ ದೃಢೀಕರಣ, ಕಡ್ಡಾಯವಲ್ಲ. ಮರಣ ಪ್ರಮಾಣಪತ್ರ ಮತ್ತು ಉಯಿಲಿನ ಪ್ರತಿಯೊಂದಿಗೆ ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು. ಯಾರಾದರೂ ತಕರಾರು ತೆಗೆದರೆ ಮಾತ್ರ ವಿಷಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ.

ಮನೆಯಲ್ಲಿ ಮದುವೆ, ಸಾವು, ಹೊಸ ಆಸ್ತಿ, ಮಾರಾಟ ಏನೇ ಆದರೂ ಉಯಿಲನ್ನು ಒಮ್ಮೆ ತೆಗೆದು ಓದಿ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ನಿಲ್ಲುವುದು. ಹಳೆಯ ಕಾಗದದ ಮೇಲೆ ಪೆನ್ನಿನಿಂದ ಗೀಚಬೇಡಿ. ಸಣ್ಣ ಬದಲಾವಣೆಗೆ ತಿದ್ದುಪಡಿ ಪತ್ರ ಬರೆಸಿ, ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು.

ಆ ತಾಯಿ ಈ ವರ್ಷ ಯುಗಾದಿ ಕಳೆದ ಮೇಲೆ ಮತ್ತೆ ಬಂದಿದ್ದರು, ಈ ಸಲ ಒಬ್ಬರೇ ಆಟೋದಲ್ಲಿ. ಕಿರಿಯ ಸೊಸೆಗೆ ಹೆಣ್ಣುಮಗು ಹುಟ್ಟಿದೆ. ಎರಡೆಳೆ ಸರ ಸೊಸೆಗೇ ಇರಲಿ, ಅದರ ಜೊತೆಗಿರುವ ಓಲೆಗಳು ಮೊಮ್ಮಗಳಿಗೆ ಎಂದು ಸೇರಿಸಬೇಕಿತ್ತು. ಮಗುವಿನ ಹೆಸರನ್ನು ಮತ್ತೊಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು, ನಾನು ಕಾಗುಣಿತ ತಪ್ಪಬಾರದೆಂದು.